ಫೋನು ಕೊಳ್ಳುವ ಮುನ್ನ ಮೂರು ಪ್ರಶ್ನೆಗಳು

ಕಳೆದ ತಿಂಗಳು ಒಂದು ಬೆಳಿಗ್ಗೆ, ನಿವೃತ್ತಿ ವೇತನ ಜಮೆಯಾಗಿದೆಯೇ ಎಂದು ನೋಡಲು ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪನ್ನು ತೆರೆದೆ. ನನ್ನ ಫೋನಿನ ತಂತ್ರಾಂಶ ಹಳೆಯದಾಗಿರುವುದರಿಂದ ಆ್ಯಪು ಇನ್ನು ಇದರಲ್ಲಿ ನಡೆಯುವುದಿಲ್ಲವೆಂಬ ಸೂಚನೆ ಪರದೆಯ ಮೇಲೆ ಮೂಡಿತು. ಫೋನಿಗೆ ಏನೂ ಆಗಿರಲಿಲ್ಲ. ಗಾಜು ಒಡೆದಿರಲಿಲ್ಲ, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಬೆಳಿಗ್ಗೆ ಚಾರ್ಜ್ ಮಾಡಿದರೆ ರಾತ್ರಿಯವರೆಗೆ ಬರುತ್ತಿತ್ತು. ಕೊಂಡು ಐದು ವರ್ಷವೂ ತುಂಬಿರಲಿಲ್ಲ. ಮೊಮ್ಮಗ ನೋಡಿ, “ತಾತ, ಇದರ ಕಾಲ ಮುಗಿಯಿತು, ಹೊಸದು ತಗೊಳ್ಳಿ” ಎಂದ. ಅವನು ಅದನ್ನು ಎಷ್ಟು ಸಹಜವಾಗಿ ಹೇಳಿದನೆಂದರೆ, ನನ್ನ ಕಣ್ಣು ತಾನಾಗಿ ಮಣಿಕಟ್ಟಿನ ಕಡೆಗೆ ಹೊರಳಿತು. ಅಲ್ಲಿ 1970ರ ದಶಕದಲ್ಲಿ ಕೊಂಡ ಎಚ್‌ಎಂಟಿ ಗಡಿಯಾರ ಇಂದಿಗೂ ಟಿಕ್ ಟಿಕ್ ಎನ್ನುತ್ತಿದೆ.

ಕೆಡದ ವಸ್ತುವಿನ ಕಾಲ ಮುಗಿಯುವುದೆಂದರೆ ಏನು? ಅದನ್ನು ನಿರ್ಧರಿಸುವವರು ಯಾರು? ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ತಂತ್ರಾಂಶ ಕಂಪನಿಗಳಲ್ಲಿಯೇ ದುಡಿಯುತ್ತಿದ್ದೀರಿ. ಯಂತ್ರದ ಒಳಗುಟ್ಟು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಇತಿಹಾಸದ ಮೇಷ್ಟ್ರು; ಒಂದು ವಸ್ತು ಅರ್ಥವಾಗದಿದ್ದರೆ ಅದು ನಡೆದು ಬಂದ ದಾರಿಯನ್ನು ನೋಡುವುದು ನನ್ನ ಹಳೆಯ ಅಭ್ಯಾಸ. ಹಾಗೆ ನೋಡಿದಾಗ ತಿಳಿದದ್ದು ಇಷ್ಟು: ಫೋನು ಕೊಳ್ಳುವಾಗ ಇಂದು ನಾವು ಕೇಳಬೇಕಾದ ಮೂರು ಪ್ರಶ್ನೆಗಳು, ಅಂದರೆ ನನ್ನ ಮಾತನ್ನು ಯಾರು ಕೇಳುತ್ತಾರೆ, ಇದು ಎಷ್ಟು ಕಾಲ ಬಾಳುತ್ತದೆ, ಕೊಟ್ಟ ಹಣಕ್ಕೆ ಇದು ತಕ್ಕದ್ದೇ ಎಂಬವು, ಹೊಸವಲ್ಲ. ಅವು ದೂರವಾಣಿಯಷ್ಟೇ ಹಳೆಯವು.

ಮೊದಲನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಿಗೆ ದೂರವಾಣಿಯ ಪೇಟೆಂಟು ದೊರೆತದ್ದು 1876ರ ಮಾರ್ಚ್ 7ರಂದು. ಆರಂಭದ ವರ್ಷಗಳಲ್ಲಿ ಪ್ರತಿಯೊಂದು ಕರೆಯನ್ನೂ ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರು ಕೈಯಿಂದಲೇ ಜೋಡಿಸಬೇಕಾಗಿತ್ತು. ಜೋಡಿಸುವವರು ಕೇಳಲೂ ಬಹುದಾಗಿತ್ತು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬ, ಅಂತ್ಯಕ್ರಿಯೆಯ ವ್ಯವಸ್ಥೆ ಮಾಡಿಕೊಡುವ ವೃತ್ತಿಯವನೊಬ್ಬನಿದ್ದ. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾರೆಂಬ ಅನುಮಾನ ಅವನಿಗೆ ಬಂದಿತೆಂದು ಕಥೆಯಿದೆ. ಅನುಮಾನ ನಿಜವೋ ಸುಳ್ಳೋ, ಅದರಿಂದ ಹುಟ್ಟಿದ ಯಂತ್ರವಂತೂ ನಿಜ. ಮನುಷ್ಯನ ಮಧ್ಯಸ್ಥಿಕೆಯಿಲ್ಲದೆ ಕರೆಯನ್ನು ಜೋಡಿಸುವ ಸ್ವಯಂಚಾಲಿತ ವಿನಿಮಯ ಕೇಂದ್ರಕ್ಕೆ ಅವನು 1891ರಲ್ಲಿ ಪೇಟೆಂಟು ಪಡೆದ. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ಮೊದಲ ಕೇಂದ್ರ ಕೆಲಸ ಆರಂಭಿಸಿತು. ದೂರವಾಣಿಯ ಒಂದು ದೊಡ್ಡ ಆವಿಷ್ಕಾರದ ಹಿಂದೆ, ನಡುವೆ ಇರುವವರನ್ನು ನಂಬಬಹುದೇ ಎಂಬ ಶಂಕೆಯಿತ್ತೆಂಬುದು ಗಮನಾರ್ಹ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ನಮ್ಮೆಲ್ಲರ ಬಾಯಲ್ಲಿ ಐಟಿಐ, ಮುಂದೆ ಬಹುಕಾಲ ತಯಾರಿಸಿದ್ದೂ ಈ ಸ್ಟ್ರೌಜರ್ ಮಾದರಿಯ ಯಂತ್ರಗಳನ್ನೇ.

ನಮ್ಮ ತಾಲ್ಲೂಕು ಕೇಂದ್ರಗಳಿಗೆ ಅವು ಬರಲು ಬಹಳ ವರ್ಷ ಹಿಡಿಯಿತು. ದೇಶದಲ್ಲಿ ಆಪರೇಟರಿಲ್ಲದೆ ಊರಿಂದೂರಿಗೆ ನೇರವಾಗಿ ಕರೆ ಮಾಡುವ ಎಸ್‌ಟಿಡಿ ಸೌಲಭ್ಯ 1960ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಆರಂಭವಾಗಿತ್ತು. ಆದರೆ ನಾನು ಕೆಲಸಕ್ಕೆ ಸೇರಿದ 1970ರ ದಶಕದಲ್ಲಿ ನಮ್ಮ ಊರಿನವರಿಗೆ ಟ್ರಂಕ್ ಕಾಲೇ ಗತಿ. ಬುಕ್ ಮಾಡಿ, ಅಂಚೆ ಕಚೇರಿಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕುಳಿತು, ಸಿಕ್ಕಿದಾಗ ಗಂಟಲು ಹರಿಯುವಂತೆ ಕೂಗಬೇಕು. ಒಂದು ಮಧ್ಯಾಹ್ನ ಬೊಂಬಾಯಿಯಿಂದ ನನಗೆ ಕರೆ ಬಂದಿದೆಯೆಂದು ಶಾಲೆಗೆ ಹುಡುಗನೊಬ್ಬ ಓಡಿಬಂದ. ನನ್ನ ಸೋದರಮಾವ ತೀರಿಕೊಂಡಿದ್ದರು. ತಾಯಿಗೆ ಅವರೊಬ್ಬರೇ ಅಣ್ಣ. ಈ ಸುದ್ದಿಯನ್ನು ಅಮ್ಮನಿಗೆ ಹೇಗೆ ತಿಳಿಸಲಿ, ಊಟವಾದ ಮೇಲೆ ಹೇಳಲೇ, ಪಕ್ಕದಲ್ಲಿ ಕುಳಿತು ಕೈಹಿಡಿದು ಹೇಳಲೇ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ನಡೆದೆ. ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಬೆಂಚಿನ ಮೇಲಿದ್ದವರು ನನ್ನ ಕೂಗನ್ನು ಕೇಳಿದ್ದರು. ಸುದ್ದಿ ಸೈಕಲ್ಲಿನಲ್ಲಿ ಹೋಗಿತ್ತು, ನಾನು ಕಾಲ್ನಡಿಗೆಯಲ್ಲಿದ್ದೆ. ಯಾರದೂ ಕೆಟ್ಟ ಉದ್ದೇಶವಲ್ಲ. ಆದರೂ ಆ ಮಾತನ್ನು ಅಮ್ಮ ಬೀದಿಯಲ್ಲಿ ನಿಂತು, ಯಾರದೋ ಬಾಯಿಂದ ಕೇಳಬೇಕಾಯಿತೆಂಬ ನೋವು ನನಗೆ ಇಂದಿಗೂ ಹೋಗಿಲ್ಲ.

ಖಾಸಗಿತನದ ಮಾತು ಬಂದಾಗಲೆಲ್ಲ “ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ?” ಎನ್ನುವವರನ್ನು ನೋಡುತ್ತೇನೆ. ಅಂಥವರಿಗೆ ನಾನು ಈ ಪ್ರಸಂಗವನ್ನು ಹೇಳುತ್ತೇನೆ. ಖಾಸಗಿತನವೆಂದರೆ ತಪ್ಪನ್ನು ಮುಚ್ಚಿಡುವುದಲ್ಲ. ನಮ್ಮ ಮಾತು ಯಾರಿಗೆ, ಯಾವಾಗ, ಹೇಗೆ ತಲುಪಬೇಕೆಂಬ ನಿರ್ಧಾರ ನಮ್ಮ ಕೈಯಲ್ಲಿರುವುದು.

ಕಾನೂನು ಈ ಮಾತನ್ನು ಒಪ್ಪಿಕೊಳ್ಳಲು ಕಾಲ ಹಿಡಿಯಿತು. ದೂರವಾಣಿ ಕದ್ದಾಲಿಕೆಯ ಆರೋಪದ ಬಿರುಗಾಳಿಯಲ್ಲಿ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಫೋನಿನಲ್ಲಿ ಆಡುವ ಮಾತು ಖಾಸಗಿತನದ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. ಕೊನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. ವಯಸ್ಸಾಯಿತು, ನಮಗೇಕೆ ಈ ತಂತ್ರಜ್ಞಾನದ ಗೋಜು ಎಂದು ಕೈಚೆಲ್ಲುವ ನನ್ನಂಥವರಿಗೆ ಇದೊಂದು ಪಾಠ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ 2023ರಲ್ಲಿ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು.

ಇನ್ನು ಎರಡನೆಯ ಪ್ರಶ್ನೆ, ಬಾಳಿಕೆ. ನಮ್ಮ ಕಾಲದ ಕಪ್ಪು ದೂರವಾಣಿಯನ್ನು ನೆನಪಿಸಿಕೊಳ್ಳಿ. ಕೈಯಲ್ಲಿ ಹಿಡಿದರೆ ಕಲ್ಲಿನಂತೆ ಭಾರ. ಮೇಜಿನಿಂದ ಬಿದ್ದರೆ ನೆಲಕ್ಕೇ ಪೆಟ್ಟು. ಅದೇಕೆ ಅಷ್ಟು ಗಟ್ಟಿ? ಹಿಂದಿನವರು ಪ್ರಾಮಾಣಿಕರು, ಇಂದಿನವರು ಮೋಸಗಾರರು ಎಂದು ಹೇಳಿಬಿಡುವುದು ಸುಲಭ. ಇತಿಹಾಸ ಬೇರೆಯೇ ಕಾರಣವನ್ನು ತೋರಿಸುತ್ತದೆ. ಆ ಉಪಕರಣ ನಮ್ಮದಾಗಿರಲಿಲ್ಲ, ಇಲಾಖೆಯದು. ನಾವು ಬಾಡಿಗೆ ಕಟ್ಟುತ್ತಿದ್ದೆವು. ಕೆಟ್ಟರೆ ಲೈನ್‌ಮನ್ ಬಂದು ಸರಿಪಡಿಸಬೇಕು, ಖರ್ಚು ಇಲಾಖೆಯದು. ಅಮೆರಿಕದಲ್ಲಿಯೂ ಹೀಗೆಯೇ ಇತ್ತು. ಅಲ್ಲಿನ ಬೆಲ್ ವ್ಯವಸ್ಥೆ 1950ರ ಸುಮಾರಿಗೆ ಮನೆಮನೆಗೆ ಕೊಟ್ಟ ‘ಮಾದರಿ 500’ ಎಂಬ ಫೋನು ದಶಕಗಳ ಕಾಲ ಬಾಳಿತು. ರಿಪೇರಿಯ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆಯೋ ಅವರೇ ವಸ್ತುವನ್ನು ತಯಾರಿಸಿದರೆ, ವಸ್ತು ಗಟ್ಟಿಯಾಗಿಯೇ ಹುಟ್ಟುತ್ತದೆ.

ಆ ಕಾಲವನ್ನು ಸುಮ್ಮನೆ ಹೊಗಳಲಾರೆ. ಒಂದು ಸಂಪರ್ಕಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ನಾವು. ಅಮೆರಿಕದಲ್ಲಿ 1968ರ ಕಾರ್ಟರ್‌ಫೋನ್ ತೀರ್ಪು ಬೇರೆಯವರು ತಯಾರಿಸಿದ ಉಪಕರಣಗಳನ್ನೂ ತಂತಿಗೆ ಜೋಡಿಸಲು ಅವಕಾಶ ಕೊಟ್ಟಿತು. ಆಯ್ಕೆ ಹೆಚ್ಚಿತು, ಬೆಲೆ ಇಳಿಯಿತು. ಫೋನು ಬಳಸುವವನ ಸ್ವತ್ತಾಯಿತು. ಅದರೊಂದಿಗೆ ಇನ್ನೊಂದು ಬದಲಾವಣೆಯೂ ಆಯಿತು: ಕೆಟ್ಟರೆ ನಷ್ಟ ಕೊಂಡವನದು, ಹೊಸದು ಮಾರಿದರೆ ಲಾಭ ತಯಾರಕನದು.

ಮೊಬೈಲು ಹುಟ್ಟಿದ್ದು ಈ ಹೊಸ ವ್ಯವಸ್ಥೆಯಲ್ಲಿ. ನಮ್ಮ ದೇಶದಲ್ಲಿ ಮೊದಲ ಮೊಬೈಲು ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ, ಜ್ಯೋತಿ ಬಸು ಅವರಿಂದ ಸುಖ್ ರಾಮ್ ಅವರಿಗೆ ಹೋಯಿತು. ಆರಂಭದಲ್ಲಿ ಬರುವ ಕರೆಗೂ ಹಣ ತೆರಬೇಕಾಗಿತ್ತು. ಅದು ನಿಂತದ್ದು 2003ರಲ್ಲಿ. ಅದೇ ವರ್ಷ ಬಂದ ನೋಕಿಯಾ 1100 ನಿಮ್ಮಲ್ಲಿ ಅನೇಕರ ಮೊದಲ ಫೋನು. ಬೆನ್ನು ತೆಗೆದು ಬ್ಯಾಟರಿಯನ್ನು ಉಗುರಿನಿಂದಲೇ ಎಬ್ಬಿಸಿ, ಬೇರೊಂದನ್ನು ಹಾಕಿ ಮುಚ್ಚಬಹುದಾಗಿತ್ತು. ಲೋಕದಾದ್ಯಂತ ಇಪ್ಪತ್ತೈದು ಕೋಟಿಗೂ ಹೆಚ್ಚು ಮಾರಾಟವಾದ ಆ ಫೋನು ಹಳ್ಳಿಯ ರೈತನಿಗೆ ರಾತ್ರಿ ಪಂಪ್‌ಸೆಟ್ಟಿನ ಹತ್ತಿರ ಹೋಗಲು ಟಾರ್ಚೂ ಆಗಿತ್ತು.

2007ರಲ್ಲಿ ಐಫೋನು ಬಂದಿತು. ಅದರ ಬ್ಯಾಟರಿಯನ್ನು ಬಳಸುವವನು ತಾನೇ ಬದಲಿಸುವಂತಿರಲಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಆ ಸೌಲಭ್ಯ ಇನ್ನೂ ಕೆಲವು ವರ್ಷ ಉಳಿದಿತ್ತು. ಸ್ಯಾಮ್‌ಸಂಗ್ ತನ್ನ ಪ್ರಮುಖ ಮಾದರಿಯಾದ ಗ್ಯಾಲಕ್ಸಿ ಎಸ್‌6ರ ಬೆನ್ನನ್ನು 2015ರಲ್ಲಿ ಮುಚ್ಚಿಬಿಟ್ಟಿತು. ತೆಳುವಾದ ಮೈ, ನೀರಿನಿಂದ ರಕ್ಷಣೆ ಮೊದಲಾದ ನಿಜವಾದ ಕಾರಣಗಳೂ ಇದ್ದವು. ಆದರೆ ಲಿಥಿಯಂ ಅಯಾನ್ ಬ್ಯಾಟರಿಯ ಶಕ್ತಿ ಪ್ರತಿ ಚಾರ್ಜಿನೊಂದಿಗೂ ಸ್ವಲ್ಪಸ್ವಲ್ಪವೇ ಕುಗ್ಗುತ್ತದೆ. ಕುಗ್ಗಲೇಬೇಕಾದ ಭಾಗವನ್ನು ಅಂಟುಹಾಕಿ ಒಳಗಿಟ್ಟರೆ, ಇಡೀ ಫೋನಿನ ಆಯಸ್ಸನ್ನು ಆ ಒಂದು ಭಾಗಕ್ಕೆ ಕಟ್ಟಿಹಾಕಿದಂತೆ.

ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಲಾಗುತ್ತಿದೆಯೆಂದು ಆ್ಯಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ಹಾಗೆ ಮಾಡಿದ್ದಾಗಿ ಅದರ ವಿವರಣೆ. ಆದರೆ ಬಳಸುವವರಿಗೆ ಅದನ್ನು ತಿಳಿಸಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದರೆ ಸಾಕಾಗಿದ್ದವರು, ಫೋನೇ ಮುದಿಯಾಯಿತೆಂದು ಭಾವಿಸಿದರು. ಕಂಪನಿ ಕ್ಷಮೆ ಕೋರಿ ಬ್ಯಾಟರಿಯ ಬೆಲೆ ಇಳಿಸಿತು. 2020ರಲ್ಲಿ ಫ್ರಾನ್ಸ್ ಎರಡೂವರೆ ಕೋಟಿ ಯೂರೋ ದಂಡ ವಿಧಿಸಿತು.

ಹಾರ್ಡ್‌ವೇರಿನ ಸವೆತವಾದರೂ ಕಣ್ಣಿಗೆ ಕಾಣುತ್ತದೆ. ನನ್ನ ಫೋನನ್ನು ಮೂಲೆಗೆ ತಳ್ಳಿದ್ದು ಕಾಣದ ಸವೆತ. ಫೋನಿನ ತಂತ್ರಾಂಶದಲ್ಲಿ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. ತಯಾರಕರು ಆಗಾಗ ಭದ್ರತಾ ಪರಿಷ್ಕರಣೆಗಳನ್ನು ಕಳುಹಿಸಿ ಅವನ್ನು ಮುಚ್ಚುತ್ತಾರೆ. ಆ ಸೇವೆ ನಿಂತ ದಿನದಿಂದ ಫೋನು ಬೀಗ ಹಳೆಯದಾದ ಮನೆ. ವಾಸಕ್ಕೆ ಯೋಗ್ಯ, ಆದರೆ ಕಳ್ಳನಿಗೆ ಕೀಲಿಯ ಅಚ್ಚು ಗೊತ್ತು. ಹಾಗಾಗಿ ಬ್ಯಾಂಕಿನವರು ಹಳೆಯ ತಂತ್ರಾಂಶವನ್ನು ನಿರಾಕರಿಸಿದರೆ ಅವರನ್ನು ದೂರಲಾರೆ. ಮೊದಲನೆಯ ಪ್ರಶ್ನೆ ಮತ್ತು ಎರಡನೆಯದು ಇಲ್ಲಿ ಒಂದಾಗುತ್ತವೆ: ಪರಿಷ್ಕರಣೆ ನಿಂತ ಫೋನಿನಲ್ಲಿ ಖಾಸಗಿತನವೂ ನಿಲ್ಲದು.

ಸಮಾಧಾನದ ಸಂಗತಿಯೆಂದರೆ ಗಾಳಿ ಈಗ ತಿರುಗುತ್ತಿದೆ. ನೆದರ್ಲೆಂಡ್ಸಿನ ಫೇರ್‌ಫೋನ್ ಎಂಬ ಸಣ್ಣ ಕಂಪನಿ, ಬಳಸುವವರೇ ಬಿಚ್ಚಿ ಭಾಗಗಳನ್ನು ಬದಲಿಸಬಹುದಾದ ಫೋನನ್ನು 2015ರಲ್ಲಿ ತಂದು, 2023ರವರೆಗೂ ಅದಕ್ಕೆ ಪರಿಷ್ಕರಣೆ ಒದಗಿಸಿತು. ಸಣ್ಣವರಿಗೆ ಸಾಧ್ಯವಾದದ್ದು ದೊಡ್ಡವರಿಗೆ ಏಕೆ ಅಸಾಧ್ಯವೆಂಬ ಪ್ರಶ್ನೆ ಎದ್ದಿತು. ಗೂಗಲ್ 2023ರ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್‌24ಕ್ಕೂ ಏಳು ವರ್ಷಗಳ ಪರಿಷ್ಕರಣೆಯ ಭರವಸೆ ಕೊಟ್ಟವು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಪರಿಷ್ಕರಣೆ, ಏಳು ವರ್ಷ ಬಿಡಿಭಾಗ ದೊರೆಯಬೇಕು; 800 ಬಾರಿ ಚಾರ್ಜ್ ಮಾಡಿದ ಮೇಲೂ ಬ್ಯಾಟರಿ ಶೇಕಡಾ 80ರಷ್ಟು ಶಕ್ತಿಯನ್ನು ಉಳಿಸಿಕೊಂಡಿರಬೇಕು. ಈ ನಿಯಮ ನಮಗೆ ಅನ್ವಯಿಸದು. ನಮ್ಮಲ್ಲಿ ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಕೊನೆಯಲ್ಲಿ ಒಂದು ಜಾಲತಾಣವನ್ನು ತೆರೆಯಿತು.

ಮೂರನೆಯ ಪ್ರಶ್ನೆ ಬೆಲೆಯದು. ಅಂಗಡಿಯವರು ಹೇಳುವುದು ಒಂದು ದಿನದ ಬೆಲೆ. ನಾವು ನೋಡಬೇಕಾದದ್ದು ಒಂದು ವರ್ಷದ ಬೆಲೆ. ಕರಿಹಲಗೆಯ ಮೇಲೆ ಬರೆಯುತ್ತಿದ್ದಂತೆ ಒಂದು ಲೆಕ್ಕ ಹಾಕುತ್ತೇನೆ, ಅಂಕಿಗಳು ಉದಾಹರಣೆಗಷ್ಟೆ. 10,000 ರೂಪಾಯಿಯ ಫೋನಿಗೆ ಇನ್ನು ಎರಡೇ ವರ್ಷದ ಪರಿಷ್ಕರಣೆ ಉಳಿದಿದ್ದರೆ, ವರ್ಷಕ್ಕೆ 5,000 ಬಿದ್ದಂತಾಯಿತು. 21,000ದ ಫೋನಿಗೆ ಆರು ವರ್ಷವಿದ್ದು, ನಡುವೆ 3,000 ಕೊಟ್ಟು ಬ್ಯಾಟರಿ ಬದಲಿಸಿದರೂ, ವರ್ಷಕ್ಕೆ 4,000 ಮಾತ್ರ. ಅಗ್ಗದ್ದು ದುಬಾರಿಯಾಯಿತು. ಆದರೆ ಒಮ್ಮೆಗೇ 21,000 ಹೊಂದಿಸಲಾಗದ ಮನೆಗಳಿವೆಯೆಂಬುದನ್ನು ನಾನು ಮರೆತಿಲ್ಲ. ಅವರ ಮಕ್ಕಳಿಗೇ ನಾನು ಪಾಠ ಹೇಳಿದ್ದು. ಅಂಥವರು ಅದೇ 10,000ದೊಳಗೆ, ಪರಿಷ್ಕರಣೆ ಹೆಚ್ಚು ಕಾಲ ಉಳಿದಿರುವ ಮಾದರಿಯನ್ನು ಹುಡುಕಿದರೂ ಲಾಭವೇ.

ಅಗ್ಗದ ಫೋನಿನ ಇನ್ನೊಂದು ಬೆಲೆ ರಸೀತಿಯಲ್ಲಿ ಕಾಣುವುದಿಲ್ಲ. ಸ್ಪೇನಿನ ಸಂಶೋಧಕರನ್ನೊಳಗೊಂಡ ತಂಡವೊಂದು 2019ರಲ್ಲಿ, 200ಕ್ಕೂ ಹೆಚ್ಚು ತಯಾರಕರ ಆಂಡ್ರಾಯ್ಡ್ ಫೋನುಗಳಲ್ಲಿ ಕಾರ್ಖಾನೆಯಿಂದಲೇ ತುಂಬಿಸಿ ಕಳುಹಿಸುವ ಆ್ಯಪುಗಳನ್ನು ಪರಿಶೀಲಿಸಿ, ಜಾಹೀರಾತು ಮತ್ತು ಜಾಡು ಹಿಡಿಯುವ ಕಂಪನಿಗಳ ಜಾಲ ಎಷ್ಟು ವ್ಯಾಪಕವಾಗಿದೆಯೆಂದು ತೋರಿಸಿತು. ಹಣವಾಗಿ ಕೊಡದ ಬೆಲೆಯನ್ನು ನಾವು ಮಾಹಿತಿಯಾಗಿ ಕೊಡುತ್ತಿರಬಹುದು. ಹೀಗೆ ಮೂರನೆಯ ಪ್ರಶ್ನೆ ಮತ್ತೆ ಮೊದಲನೆಯದಕ್ಕೇ ಬಂದು ಸೇರುತ್ತದೆ. ಮೂರೂ ಕೂಡಿ ಕೇಳುವುದು ಒಂದನ್ನೇ: ಮಾರಿದ ಮೇಲೆ ತಯಾರಕನ ಹೊಣೆ ಎಷ್ಟು ಕಾಲ, ಎಷ್ಟರ ಮಟ್ಟಿಗೆ? ಬಾಡಿಗೆಯ ಕಪ್ಪು ಫೋನಿನ ಕಾಲದಲ್ಲಿ ಆ ಹೊಣೆ ತಾನಾಗಿಯೇ ಇತ್ತು. ಈಗ ಕೇಳಿ ಪಡೆಯಬೇಕು.

ಹೊಸ ಫೋನು ಕೊಳ್ಳುವ ಮುನ್ನ ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದದ್ದನ್ನು ನಿಮ್ಮ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇನೆ.

ಭದ್ರತಾ ಪರಿಷ್ಕರಣೆ ಯಾವ ವರ್ಷ, ಯಾವ ತಿಂಗಳವರೆಗೆ? ತಯಾರಕರು ಹೇಳುವ ಅವಧಿಯನ್ನು ಸಾಮಾನ್ಯವಾಗಿ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಎಣಿಸುತ್ತಾರೆ, ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆಯಿದ್ದು ಎರಡು ವರ್ಷದ ಹಿಂದೆ ಬಂದ ಮಾದರಿಯನ್ನು ಹಬ್ಬದ ರಿಯಾಯಿತಿಯಲ್ಲಿ ಕೊಂಡರೆ, ಉಳಿದಿರುವುದು ಎರಡೇ ವರ್ಷ. ನಾನು ಹಿಂದಿನ ಸಲ ಮೋಸಹೋದದ್ದು ಇಲ್ಲಿಯೇ.

ಬ್ಯಾಟರಿ ಬದಲಿಸಲು ಅಧಿಕೃತ ಸೇವಾ ಕೇಂದ್ರ ಹತ್ತಿರದಲ್ಲಿದೆಯೇ, ಎಷ್ಟು ಖರ್ಚು?

ಕಾರ್ಖಾನೆಯಿಂದಲೇ ಬಂದ ಆ್ಯಪುಗಳನ್ನು ತೆಗೆದುಹಾಕಬಹುದೇ? ಪರದೆಯ ಮೇಲೆ ಜಾಹೀರಾತು ಬರುತ್ತದೆಯೇ?

ಸೆಕೆಂಡ್ ಹ್ಯಾಂಡ್ ಫೋನಾದರೆ, *#06# ಒತ್ತಿ ಐಎಂಇಐ ಸಂಖ್ಯೆಯನ್ನು ನೋಡಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಿಕೊಳ್ಳಬೇಕು. ಕಳವಾದ ಫೋನು ಕೊಂಡು ಪೇಚಿಗೆ ಸಿಲುಕಬಾರದು.

ಕೊಂಡ ಮೇಲೆ ಮಾಡುವ ಕೆಲಸವೂ ಇದೆ. ಆಂಡ್ರಾಯ್ಡಿನಲ್ಲಿ 2015ರ ಮೊದಲು ಆ್ಯಪು ಕೇಳಿದ ಅನುಮತಿಗಳನ್ನೆಲ್ಲ ಒಟ್ಟಿಗೆ ಒಪ್ಪಬೇಕಾಗಿತ್ತು. ಅಲ್ಲಿಂದೀಚೆಗೆ ಒಂದೊಂದನ್ನೂ ಬೇರೆ ಬೇರೆ ನಿರಾಕರಿಸಬಹುದು. ಐಫೋನಿನಲ್ಲಿ 2021ರಿಂದ, ಬೇರೆ ಕಂಪನಿಗಳ ಆ್ಯಪು ಮತ್ತು ತಾಣಗಳಲ್ಲಿ ನಮ್ಮ ಜಾಡು ಹಿಡಿಯುವ ಮೊದಲು ಆ್ಯಪು ನಮ್ಮನ್ನು ಕೇಳಲೇಬೇಕು. ಟಾರ್ಚಿನ ಆ್ಯಪಿಗೆ ನಮ್ಮ ದೂರವಾಣಿ ಪುಸ್ತಕವೇಕೆ? ಪಂಚಾಂಗಕ್ಕೆ ಮೈಕ್ರೊಫೋನೇಕೆ? ಬೇಡವೆನ್ನುವ ಗುಂಡಿಯನ್ನು ಒತ್ತಲು ಸಂಕೋಚಪಡಬೇಡಿ. ಹಳೆಯ ಫೋನನ್ನು ಯಾರಿಗಾದರೂ ಕೊಡುವ ಮುನ್ನ ಅದರೊಳಗಿನದನ್ನೆಲ್ಲ ಅಳಿಸಿ, ಸಿಮ್ಮು ತೆಗೆದು ಕೊಡಿ.

ಅಂಗಡಿಯ ಹುಡುಗ ನನ್ನ ಚೀಟಿಯನ್ನು ನೋಡಿ ಸ್ವಲ್ಪ ಗಲಿಬಿಲಿಗೊಂಡ. ಕ್ಯಾಮೆರಾದ ಮೆಗಾಪಿಕ್ಸೆಲ್ಲು ಅವನಿಗೆ ಬಾಯಿಪಾಠವಾಗಿತ್ತು. ಪರಿಷ್ಕರಣೆಯ ಕೊನೆಯ ದಿನಾಂಕವನ್ನು ಅವನಿಗೆ ಯಾರೂ ಕೇಳಿರಲಿಲ್ಲವಂತೆ. “ಸಾರ್, ನಾಳೆ ಬನ್ನಿ, ವಿಚಾರಿಸಿ ಹೇಳುತ್ತೇನೆ” ಎಂದ. ಮಾರನೆಯ ದಿನ ನಾಲ್ಕು ಮಾದರಿಗಳ ದಿನಾಂಕಗಳನ್ನು ಬರೆದಿಟ್ಟುಕೊಂಡು ಕಾದಿದ್ದ. ಅವುಗಳಲ್ಲಿ ಮಧ್ಯಮ ಬೆಲೆಯ ಒಂದನ್ನು ತಂದೆ. ಅದರ ಪರಿಷ್ಕರಣೆ ಮುಗಿಯುವ ತಿಂಗಳನ್ನು ಡಬ್ಬದ ಮೇಲೆ ಶಾಯಿಯಲ್ಲಿ ಬರೆದಿದ್ದೇನೆ. ಹಳೆಯದರ ಸಿಮ್ಮು ತೆಗೆದು, ಖಾತೆಗಳನ್ನೆಲ್ಲ ಅಳಿಸಿ, ಹಾಸಿಗೆಯ ಪಕ್ಕದಲ್ಲಿ ಅಲಾರಮ್ಮಿಗೆ ಇಟ್ಟುಕೊಂಡಿದ್ದೇನೆ.

ಒಬ್ಬರು ಕೇಳಿದರೆ ಅಂಗಡಿಯವನು ಗಲಿಬಿಲಿಗೊಳ್ಳುತ್ತಾನೆ. ಹತ್ತು ಜನ ಕೇಳಿದರೆ ಉತ್ತರ ಕಲಿಯುತ್ತಾನೆ. ಎಲ್ಲರೂ ಕೇಳಿದರೆ ಅದು ತಯಾರಕನ ಕಿವಿಗೂ ಬೀಳುತ್ತದೆ. ತರಗತಿಯಲ್ಲಿ ಪ್ರಶ್ನೆ ಕೇಳಲು ನಾಚಬಾರದೆಂದು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಅಂಗಡಿಯಲ್ಲಿಯೂ ನಾಚಬೇಡಿ.